ಒಂದೇ ಕೈಯ ಹತ್ತು ರೊಟ್ಟಿ

2024ರ ನವೆಂಬರ್ 19, ಮಂಗಳವಾರ, ಬೆಳಿಗ್ಗೆ 10 ಗಂಟೆ 42 ನಿಮಿಷ. ಪುಣೆಯ ಒಂದು ಗೋದಾಮಿನಲ್ಲಿ ಸುಭಾಷ ಮೇಜಿನ ಮೇಲೆ ಮೊಬೈಲು ನಿಲ್ಲಿಸಿ, ಅದರ ಎದುರು ರಟ್ಟಿನ ಪೆಟ್ಟಿಗೆಯೊಂದನ್ನು ಎರಡೂ ಕೈಯಿಂದ ಎತ್ತಿ ಮೆಲ್ಲಗೆ ಅಲುಗಾಡಿಸಿದರು. ಇತ್ತ ಟಿಕೋಟಾದ ಮನೆಯ ಪಡಸಾಲೆಯಲ್ಲಿ ಫೋನಿನ ಸುತ್ತ ಕುಳಿತಿದ್ದ ಐದು ಜನ ಹೆಂಗಸರಿಗೂ ಆ ಸದ್ದು ಕೇಳಿಸಿತು. ಖಡಕ್ ರೊಟ್ಟಿಯ ಪೆಟ್ಟಿಗೆಯಿಂದ ಬರಬಾರದ ಸದ್ದು ಅದು. ಯಾರೋ ಒಳಗೆ ಕುಳಿತು ಗೆಜ್ಜೆ ಅಲ್ಲಾಡಿಸಿದ ಹಾಗಿತ್ತು.

"ಕೇಳಿಸ್ತೇನ್ರಿ, ಅನುಜಾ ಮೇಡಂ?"

"ಕೇಳಿಸ್ತ್ರಿ," ಎಂದಳು ಅನುಜಾ.

"ತಗದು ನೋಡೂದಽ ಬ್ಯಾಡ ಅನಸ್ತೈತಿ. ಆದ್ರೂ ಎಣಸ್ತೇನಿ."

ಸುಭಾಷ ಎಣಿಸಿದರು. ಇನ್ನೂರ ನಲವತ್ತು ರೊಟ್ಟಿಗಳಲ್ಲಿ ಎಪ್ಪತ್ತೊಂದು ಒಡೆದಿದ್ದವು. ಅನುಜಾ ತನ್ನ ನೋಟ್‌ಬುಕ್ಕಿನಲ್ಲಿ ಶೇಕಡಾ 29.6 ಎಂದು ಬರೆದಳು. ಅದರ ಮೇಲಿನ ಸಾಲಿನಲ್ಲಿ ಅಕ್ಟೋಬರಿನ ಮೊದಲ ಪೆಟ್ಟಿಗೆಯ ಲೆಕ್ಕವಿತ್ತು: ಒಡೆದದ್ದು ತೊಂಬತ್ತಾರು, ಶೇಕಡಾ 40.

ಸುಭಾಷ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಹುಟ್ಟಿ ಬೆಳೆದವರು. ಈಗ ಪುಣೆಯ ಹದಿನಾಲ್ಕು ಅಂಗಡಿಗಳಿಗೆ ತಿನಿಸು ಒದಗಿಸುತ್ತಾರೆ. ಅವರು ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ರುಚಿ ಬಗ್ಗೆ ನಂದು ಮಾತಽ ಇಲ್ರಿ. ನಮ್ಮವ್ವ ನೆನಪಾಗ್ತಾಳ. ಆದ್ರ ಅಂಗಡ್ಯಾಗ ಯಾರೂ ಬಾಯಾಗ ಹಾಕ್ಕೊಂಡು ನೋಡಂಗಿಲ್ಲ, ಪಾಕೀಟ ನೋಡ್ತಾರ. ಚೂರಾದ ರೊಟ್ಟಿ ಕಂಡ್ರ ಹಳೇ ಮಾಲು ಅಂತ ತಿಳ್ಕೋತಾರ. ನೂರಕ್ಕ ಐದು ಒಡದ್ರ ನಡೀತೈತಿ, ಆರು ನಡಿಯಂಗಿಲ್ಲ. ಮೂವತ್ತನೇ ತಾರೀಖಿಗೆ ಅಂಗಡ್ಯಾರು ಹೊಸಾ ಮಾಲಿನ ಯಾದಿ ಮುಗಸ್ತಾರ. ಅದರೊಳಗ ಇನ್ನೊಂದ ಪೆಟ್ಟಿಗಿ ಕಳಸ್ರಿ. ಅದಽ ಕಡೀದು."

ಸುಭಾಷ ಫೋನಿಟ್ಟರು. ಇನ್ನೂರ ನಲವತ್ತಕ್ಕೆ ಹನ್ನೆರಡು. ಹದಿಮೂರು ಒಡೆದರೆ ಎಲ್ಲ ಮುಗಿಯಿತು.

"ಎಪ್ಪತ್ತೊಂದ ಅಂದ್ರ ಹೋದ ಸಲಕ್ಕಿಂತ ಕಡಿಮಿನಽ ಆತಲ್ಲ," ಎಂದಳು ವಿಜಯಲಕ್ಷ್ಮೀ, ರೊಟ್ಟಿ ಬಡಿಯುವ ನಾಲ್ವರಲ್ಲಿ ಎಲ್ಲರಿಗಿಂತ ಸಣ್ಣವಳು.

"ಇನ್ನ ರೊಟ್ಟಿ ಬಿಟ್ಟು ಚೂರಽ ಮಾರೂಣು," ಎಂದಳು ಮಾಸುಮಬಿ. "ಮಜ್ಜಿಗ್ಯಾಗ ಕಲಿಸಿ ತಿನ್ನೋರಿಗೆ ಮುರಿಯೋ ಕೆಲಸ ಉಳೀತೈತಿ."

ಗುರುಬಸವ್ವ ನಕ್ಕಳು. ಅನುಜಾಳ ಅತ್ತೆ ಸಖೂಬಾಯಿ ನಗಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಿದ್ದರು.

ಆ ಮುಖ ನೋಡುವುದಕ್ಕೆ ಕಾರಣವಿತ್ತು. ಅನುಜಾ ಬಿಎಸ್ಸಿ ಓದಿ, ವಿಜಯಪುರದ ಅಥಣಿ ರಸ್ತೆಯಲ್ಲಿರುವ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಎಂಟು ವರ್ಷ ಕೆಲಸ ಮಾಡಿದವಳು. ದಿನಾ ಮಧ್ಯಾಹ್ನ ಅವಳ ಡಬ್ಬಿಯಲ್ಲಿ ಅತ್ತೆ ಮಾಡಿದ ಖಡಕ್ ರೊಟ್ಟಿ ಇರುತ್ತಿತ್ತು. ದಿನಾ ಅವಳ ಪಾಲಿಗೆ ಅರ್ಧವೇ ಉಳಿಯುತ್ತಿತ್ತು, ಮಿಕ್ಕಿದ್ದನ್ನು ಸಹೋದ್ಯೋಗಿಗಳು ಕಸಿದು ತಿನ್ನುತ್ತಿದ್ದರು. ಇಷ್ಟು ಜನ ಕಸಿದು ತಿನ್ನುವ ವಸ್ತುವನ್ನು ಮಾರಿದರೇನು ಎಂದು ಜೂನ್ ತಿಂಗಳಲ್ಲಿ ಕೆಲಸ ಬಿಟ್ಟು, ಮನೆಯ ಹಿತ್ತಲಲ್ಲಿ ನಾಲ್ಕು ಒಲೆ ಹಾಕಿಸಿದ್ದಳು. ಲ್ಯಾಬಿನ ಮುಖ್ಯಸ್ಥರು ಒಳ್ಳೆಯ ಮನುಷ್ಯ. ಡಿಸೆಂಬರ್ ಒಂದರವರೆಗೆ ನಿನ್ನ ಜಾಗ ಖಾಲಿ ಇಟ್ಟಿರುತ್ತೇನೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದಿದ್ದರು. ಪುಣೆಯ ಯಾದಿಗೂ ಲ್ಯಾಬಿನ ಕುರ್ಚಿಗೂ ನಡುವೆ ಒಂದೇ ದಿನದ ಅಂತರ.

ಅವಳಿಗೆ ಅರ್ಥವಾಗದೆ ಉಳಿದದ್ದು ಒಂದೇ: ತಾನು ಮಾಡದೆ ಬಿಟ್ಟದ್ದೇನು? ಬೀಜ ವಿಂಗಡಿಸುವ ಶಿಸ್ತಿನಲ್ಲೇ ಅವಳು ರೊಟ್ಟಿ ವಿಂಗಡಿಸುತ್ತಿದ್ದಳು. ಪಾಕೀಟಿನ ಮೇಲೆ 400 ಗ್ರಾಂ ಎಂದು ಅಚ್ಚಾಗಿತ್ತು. ನಾಲ್ಕು ಒಲೆಯ ರೊಟ್ಟಿಗಳನ್ನೂ ಒಟ್ಟಿಗೆ ಹಾಕಿ, ಒಂದೊಂದನ್ನೂ ತೂಗಿ, ಹಗುರ, ಮಧ್ಯಮ, ಭಾರ ಎಂದು ಮೂರು ರಾಶಿ ಮಾಡಿ, ಪ್ರತಿ ಪಾಕೀಟಿಗೂ ಹತ್ತೇ ರೊಟ್ಟಿ, ನಾನೂರೇ ಗ್ರಾಂ ಬರುವಂತೆ ಆರಿಸಿ ಜೋಡಿಸುತ್ತಿದ್ದಳು. ತೂಕ ಎರಡು ಗ್ರಾಂ ಆಚೀಚೆ ಹೋಗುತ್ತಿರಲಿಲ್ಲ. ಅದು ಅವಳ ಹೆಮ್ಮೆ. ಮೊದಲ ಸಲ ಒಡೆದಾಗ ದಪ್ಪ ಪೆಟ್ಟಿಗೆ ತಂದಳು. ಎರಡನೇ ಸಲ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ನಾಲ್ಕೂ ಬದಿಗೆ ಥರ್ಮಾಕೋಲ್ ಇಟ್ಟಳು. ರೊಟ್ಟಿಯ ಹೊರಗೆ ಬದಲಿಸಬಹುದಾದ ಎಲ್ಲವನ್ನೂ ಬದಲಿಸಿ ಆಗಿತ್ತು.

ಶುಕ್ರವಾರ ಬಬಲೇಶ್ವರದಲ್ಲಿ ಕುಬಸ. ಸಖೂಬಾಯಿಯ ಮಗಳು ಕಾವ್ಯಾ ಏಳು ತಿಂಗಳ ಬಸುರಿ. ಗಂಡನ ಮನೆಯಲ್ಲಿ ಅವಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ. ತವರಿನವರು ರೊಟ್ಟಿಯ ಬುತ್ತಿ ಒಯ್ಯಬೇಕು. ಗುರುವಾರ ಬೆಳಕು ಹರಿಯುವ ಮುಂಚೆಯೇ ಸಖೂಬಾಯಿ ಒಲೆಯ ಮುಂದೆ ಕುಳಿತಿದ್ದರು. ನೂರಾ ಒಂದು ರೊಟ್ಟಿ ಆಗಬೇಕಿತ್ತು.

"ಅತ್ತಿ, ಗುರುಬಸವ್ವಗ ಬರಾಕ ಹೇಳ್ತೇನ್ರಿ. ಇಬ್ಬರು ಬಡದ್ರ ಲಗೂನ ಮುಗೀತೈತಿ."

"ಬ್ಯಾಡ," ಎಂದರು ಸಖೂಬಾಯಿ, ಹಿಟ್ಟಿನ ಕೈ ಎತ್ತದೆ. "ಕುಬಸದ ಬುತ್ತಿಗೆ ಎರಡ ಕೈ ಕೂಡಬಾರದು. ಒಂದಽ ಒಲಿ, ಒಂದಽ ಕೈ. ಅದರಾಗಿಂದು ಒಂದ ರೊಟ್ಟಿ ಮುರದ್ರೂ ಬೀಗರು ಮಾರಿ ಸಣ್ಣದ ಮಾಡ್ತಾರ."

ಅತ್ತೆಯ ಇಂಥ ನೇಮಗಳಿಗೆ ಅವಳು ವಾದ ಹೂಡುತ್ತಿರಲಿಲ್ಲ. ಸಖೂಬಾಯಿ ರೊಟ್ಟಿ ಬಡಿದು, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಒರೆಸಿ, ತಿರುವಿ, ಬೆಂದ ಮೇಲೆ ಒಲೆಯ ಬಾಯಿಗೆ ಆನಿಸಿ ನಿಲ್ಲಿಸುತ್ತಿದ್ದರು. ಕೆಂಡದ ಝಳಕ್ಕೆ ಅದು ಒಣಗಿ ಖಡಕ್ಕಾದ ಕೂಡಲೇ ತೆಗೆದು ಬುಟ್ಟಿಯಲ್ಲಿ ಹಿಂದಿನ ರೊಟ್ಟಿಯ ಮೇಲೆ ಇಡುತ್ತಿದ್ದರು. ಬುಟ್ಟಿಯ ತಳದಲ್ಲಿ ಹಳೆ ಸೀರೆಯ ಸಿಂಬಿ ಇತ್ತು, ತಲೆಯ ಮೇಲೆ ಕೊಡ ಹೊರುವಾಗ ಕೆಳಗಿಡುತ್ತಾರಲ್ಲ, ಅಂಥ ಬಟ್ಟೆಯ ಸುರುಳಿ. ಮಧ್ಯಾಹ್ನದ ಹೊತ್ತಿಗೆ ರಾಶಿ ಮುಗಿದು, ಬಿಳಿ ಧೋತರ ಹೊದಿಸಿ, ನಾಲ್ಕೂ ಮೂಲೆ ಜಗ್ಗಿ ಗಂಟು ಹಾಕಿದರು.

ಮರುದಿನ ಬಬಲೇಶ್ವರಕ್ಕೆ ಹೋದದ್ದು ಊರಿನ ಸಾಬಣ್ಣನ ಮೂರು ಗಾಲಿಯ ಟಂಟಂ ಗಾಡಿಯಲ್ಲಿ. ಹಿಂದೆ ಎದುರುಬದುರು ಹಲಗೆ, ನಡುವೆ ಜನರ ಕಾಲ ಬಳಿ ಬುಟ್ಟಿ. ಒಂದೆರಡು ಕಡೆ ಡಾಂಬರು ಕಿತ್ತು ಹೋಗಿತ್ತು. ಸಾಬಣ್ಣ ಗಾಡಿಯನ್ನು ತಗ್ಗಿಗೆ ಇಳಿಸುವುದರಲ್ಲಿ ಎಂದೂ ಹಿಂದೆ ಬಿದ್ದವನಲ್ಲ.

"ಸಾಬಣ್ಣಾ, ಮೆಲ್ಲಕ ಹೊಡಿಯೋ! ಒಳಗ ರೊಟ್ಟಿ ಅದಾವ!"

"ನಾ ಮೆಲ್ಲಕಽ ಹೊಡಿಯಾಕತ್ತೇನ್ರಿ ಅಕ್ಕಾರ, ರಸ್ತೆನಽ ಜೋರ ಐತಿ!"

ಒಂದು ತಗ್ಗಿನಲ್ಲಿ ಗಾಡಿ ಜಿಗಿದಾಗ ಅನುಜಾಳ ತಲೆ ಮೇಲಿನ ಸಲಾಕೆಗೆ ಬಡಿಯಿತು. ಬುಟ್ಟಿ ಒಂದು ಗೇಣು ಮೇಲೆದ್ದು ಧೊಪ್ಪೆಂದು ಕೂತಿತು. ಅವಳು ಕಣ್ಣು ಮುಚ್ಚಿಕೊಂಡು ಗೆಜ್ಜೆ ಸದ್ದಿಗಾಗಿ ಕಾದಳು.

ಸದ್ದು ಬರಲಿಲ್ಲ.

ಅವಳು ಕಣ್ಣು ತೆರೆದಳು. ಬಗ್ಗಿ ಬುಟ್ಟಿಗೆ ಕಿವಿ ಹಚ್ಚಿದಳು. ಮುಂದಿನ ತಗ್ಗು ಬಂತು. ಆಗಲೂ ಇಲ್ಲ. ಮೂರನೆಯದಕ್ಕೂ ಇಲ್ಲ. ಎದುರಿಗೆ ಕುಳಿತ ಸಂಬಂಧಿಕರ ಹೆಂಗಸು, "ಯಾಕಬೇ, ರೊಟ್ಟಿ ಏನರ ಮಾತಾಡಾಕತ್ತಾವೇನು?" ಎಂದಳು.

"ಮಾತಾಡವಲ್ಲವು ನೋಡ್ರಿ! ಅದಽ ಆಶ್ಚರ್ಯ!" ಎಂದಳು ಅನುಜಾ.

ಕುಬಸದ ಮನೆಯಲ್ಲಿ ಆರತಿಯ ತಯಾರಿ ನಡೆದಿತ್ತು. ಬೀಗತಿಯರು ಬುಟ್ಟಿಯ ಗಂಟು ಬಿಚ್ಚಿದ್ದೇ ತಡ, ಅನುಜಾ ಸೆರಗು ಸಿಕ್ಕಿಸಿ ನೆಲಕ್ಕೆ ಕೂತು, ಒಂದೊಂದೇ ರೊಟ್ಟಿ ಎತ್ತಿ ಎಣಿಸತೊಡಗಿದಳು. ನೂರಾ ಒಂದು. ಒಂದರ ಅಂಚೂ ಮುಕ್ಕಾಗಿರಲಿಲ್ಲ. ಅವಳೇ ಆರಿಸಿ ತೂಗಿ ಗಾಳಿಗುಳ್ಳೆಯ ಹಾಳೆ ಸುತ್ತಿದ ರೊಟ್ಟಿ ನೂರಕ್ಕೆ ಮೂವತ್ತು ಒಡೆಯುತ್ತದೆ; ಸಾಬಣ್ಣನ ಗಾಡಿಯಲ್ಲಿ ಬಂದ ಬಿದಿರು ಬುಟ್ಟಿಯ ರೊಟ್ಟಿ ಒಂದೂ ಒಡೆಯುವುದಿಲ್ಲ!

"ಸಖೂಬಾಯಿ, ನಿಮ್ಮ ಸೊಸಿ ಯಾಕಬೇ, ಕೊಟ್ಟಿದ್ದು ಎಣಸಾಕತ್ತಾಳ? ನಾವು ತಿಂದ ಬಿಡ್ತೇವಂತನಾ?" ಎಂದು ಬೀಗತಿಯೊಬ್ಬಳು ಕುಟುಕಿದಳು. ಕೊಟ್ಟ ಬುತ್ತಿಯನ್ನು ಕೊಟ್ಟವರೇ ಕೂತು ಎಣಿಸುವುದು ಎಲ್ಲಿಯೂ ಇಲ್ಲದ ರೀತಿ. ಸಖೂಬಾಯಿ ನಾಚಿ, "ಅನುಜಾ, ಏಳಬೇ ಮ್ಯಾಲ!" ಎಂದು ಕಣ್ಣು ಬಿಟ್ಟರು.

ಅನುಜಾ ಏಳಲಿಲ್ಲ. "ಕಾವ್ಯಾ, ನಿಮ್ಮ ಹೊಲಿಗಿ ಮಷೀನಿನ ಟೇಪ್ ಕೊಡವಾ. ಲಗೂ!"

ಹಸಿರು ಸೀರೆಯ ಕಾವ್ಯಾ ನಗುತ್ತಲೇ ಟೇಪು ತಂದುಕೊಟ್ಟಳು. ಅನುಜಾ ಬುಟ್ಟಿಯಲ್ಲಿದ್ದ ಕ್ರಮದಲ್ಲೇ ಮೇಲಿನ ಹತ್ತು ರೊಟ್ಟಿ ಎತ್ತಿ ನೆಲದ ಮೇಲಿಟ್ಟು ರಾಶಿಯ ಎತ್ತರ ಅಳೆದಳು. 3.8 ಸೆಂಟಿಮೀಟರು. ಆ ಮನೆಯ ಅಡುಗೆಮನೆಯಲ್ಲಿ ನೆಂಟರ ಊಟಕ್ಕೆಂದು ಮೂರು ಜನ ಹೆಂಗಸರು ಮಾಡಿಟ್ಟ ರೊಟ್ಟಿಯ ಗುಡ್ಡೆ ಇತ್ತು. ಅದರಿಂದ ಹತ್ತು ತಂದು ಅಳೆದಳು. 6.2. ತಪ್ಪಾಗಿರಬಹುದು ಎಂದು ಮತ್ತೆ ಅಳೆದಳು. 6.2. ಇತ್ತಲೂ ಹತ್ತು ರೊಟ್ಟಿ, ಅತ್ತಲೂ ಹತ್ತು. ದಪ್ಪವೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ಆ 2.4 ಸೆಂಟಿಮೀಟರಿನಲ್ಲಿ ಇದ್ದದ್ದು ಏನು?

ಗಾಳಿ.

ಅವಳು ಅತ್ತೆಯ ರೊಟ್ಟಿ ಒಂದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಒಲೆಗೆ ಆನಿಸಿ ಒಣಗಿಸಿದ ರೊಟ್ಟಿ ಚಪ್ಪಟೆ ಇರುವುದಿಲ್ಲ, ಒಂದು ಕಡೆಗೆ ಬಾಗಿರುತ್ತದೆ. ಸಖೂಬಾಯಿಯ ರೊಟ್ಟಿ ಎಲ್ಲವೂ ಒಂದೇ ರೀತಿ ಬಾಗಿದ್ದವು, ಒಂದರ ಹೊಟ್ಟೆಯೊಳಗೆ ಮತ್ತೊಂದು ಕೂತು ವೀಳ್ಯದೆಲೆಯ ಕಟ್ಟಿನ ಹಾಗೆ ಅಂಟಿಕೊಂಡಿದ್ದವು. ಅಡುಗೆಮನೆಯ ರೊಟ್ಟಿಗಳಲ್ಲಿ ಒಂದು ಬೋಗುಣಿಯಂತಿದ್ದರೆ ಇನ್ನೊಂದರ ಅಂಚು ಓರೆಯಾಗಿ ಎದ್ದಿತ್ತು. ಅವು ಒಂದರ ಮೇಲೊಂದು ಕೂತಿರಲಿಲ್ಲ, ಮೂರು ಮೂರು ಕಡೆ ತಾಗಿ ನಿಂತಿದ್ದವು. ತಾಗಿದಲ್ಲೆಲ್ಲ ಭಾರ, ಉಳಿದಲ್ಲೆಲ್ಲ ಪೊಳ್ಳು. ಗಾಡಿ ಜಿಗಿದರೆ ಒಡೆಯದೆ ಏನಾದೀತು? ಕೊನೆಯದೊಂದು ಪರೀಕ್ಷೆ ಉಳಿದಿತ್ತು. ಅತ್ತೆಯ ಹತ್ತು ರೊಟ್ಟಿಯನ್ನೇ ಇಸ್ಪೀಟು ಎಲೆಯಂತೆ ಕಲಸಿ ಕ್ರಮ ತಪ್ಪಿಸಿ ಅಳೆದಳು. 4.5. ಕ್ರಮವೂ ಮುಖ್ಯ! ಕೆಂಡ ಆರುತ್ತ ಹೋದಂತೆ ಬಾಗೂ ಒಂದಿಷ್ಟಿಷ್ಟೇ ಬದಲಾಗುತ್ತದೆ. ಪ್ರತಿ ರೊಟ್ಟಿಗೂ ತನಗಿಂತ ಮುಂಚೆ ಹುಟ್ಟಿದ ರೊಟ್ಟಿಯೇ ಸರಿಯಾದ ಹಾಸಿಗೆ.

ಅಂದರೆ ರೊಟ್ಟಿ ಒಡೆದದ್ದು ಪುಣೆಯ ರಸ್ತೆಯಲ್ಲಿ ಅಲ್ಲ. ಟಿಕೋಟಾದ ಪಡಸಾಲೆಯಲ್ಲಿ, ಅವಳ ತಕ್ಕಡಿಯ ಮುಂದೆ. ಅವಳೇ ಒಂದಕ್ಕೊಂದು ಒಗ್ಗಿದ ರೊಟ್ಟಿಗಳನ್ನು ಬಿಡಿಸಿ, ತೂಕದ ಹೆಸರಿನಲ್ಲಿ ಕಲಸಿ, ಅಚ್ಚುಕಟ್ಟಾಗಿ ಪೊಳ್ಳು ಪ್ಯಾಕ್ ಮಾಡಿದ್ದಳು.

"ಅತ್ತಿ!" ಎಂದು ಅವಳು ಕೂಗಿದ್ದಕ್ಕೆ ಆರತಿ ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. "ಎರಡ ಕೈ ಯಾಕ ಕೂಡಬಾರದು ಅಂತ ನಿಮಗ ಯಾರು ಹೇಳಿದ್ರು?"

"ನಮ್ಮತ್ತಿ ಹೇಳಿದ್ರು. ಕೂಸಿಗೆ ಆಗಂಗಿಲ್ಲಂತ," ಎಂದರು ಸಖೂಬಾಯಿ ಗಾಬರಿಯಿಂದ. "ಯಾಕ, ಏನಾತು?"

"ಕೂಸಿಗೆ ಏನಾಕ್ಕೈತೋ ನನಗ ಗೊತ್ತಿಲ್ಲ. ರೊಟ್ಟಿಗಂತೂ ಖರೇನ ಆಗಂಗಿಲ್ಲ!"

ಅನುಜಾಳಿಗೆ ಆ ದಿನದ ಊಟ ಏನಿತ್ತು ಎಂಬುದು ಆಮೇಲೆ ನೆನಪಾಗಲಿಲ್ಲ. ಟಿಕೋಟಾಕ್ಕೆ ಮರಳಿದವಳೇ ಮೂವರನ್ನೂ ಕರೆಸಿದಳು. ಇನ್ನು ಮೇಲೆ ಒಂದು ಪಾಕೀಟಿನಲ್ಲಿ ಒಬ್ಬರದೇ ರೊಟ್ಟಿ, ಬೇಯಿಸಿದ ಕ್ರಮದಲ್ಲೇ. ಕಲಬೆರಕೆ ಆಗದಂತೆ ಪಾಕೀಟಿನ ಮೇಲೆ ಅವರದೇ ಹೆಸರಿನ ಚೀಟಿ. ತೂಕ ನಾನೂರಕ್ಕೆ ಕಡಿಮೆ ಆಗಬಾರದು, ಹೆಚ್ಚಾದರೆ ಚಿಂತೆಯಿಲ್ಲ. ಎಣಿಕೆ ಮಾತ್ರ ಅವರವರ ಕೈಗೆ ತಕ್ಕಂತೆ. ಅವಳು ತೂಗಿ ನೋಡಿದಳು. ಸಖೂಬಾಯಿ, ವಿಜಯಲಕ್ಷ್ಮೀ ಹತ್ತತ್ತು. ಮಾಸುಮಬಿ ತೆಳ್ಳಗೆ ಬಡಿಯುತ್ತಾಳೆ, ಹನ್ನೊಂದು. ಗುರುಬಸವ್ವ ಒಂಬತ್ತು.

"ನಂದರಾಗ ಒಂಬತ್ತಽ?" ಗುರುಬಸವ್ವ ಸೊಂಟದ ಮೇಲೆ ಕೈ ಇಟ್ಟಳು. "ಮ್ಯಾಲ ನನ್ನ ಹೆಸರ ಬ್ಯಾರೆ ಬರೀತೀರಿ. ಗುರುಬಸವ್ವ ಒಂದ ರೊಟ್ಟಿ ಕದ್ಲು ಅಂತ ಪುಣೆ ತನಕ ಸುದ್ದಿ ಹೋಗಲಿ ಅಂತನಾ?"

"ನಿಂದು ರೊಟ್ಟಿ ಅಲ್ಲಬೇ, ಹಾಸಗಲ್ಲು," ಎಂದಳು ಮಾಸುಮಬಿ. "ಒಂಬತ್ತ ತಿನ್ನೂದ್ರಾಗಽ ಅವರ ಹಲ್ಲು ಮುಗೀತಾವ, ಹತ್ತನೇದು ಯಾಕ?"

"ನಿಂದು ಹನ್ನೊಂದ ಕೂಡಿಸಿ ಹಿಡದ್ರೂ ಆಚಿ ಓಣಿ ಕಾಣ್ತೈತಿ, ನೀ ಸುಮ್ನಿರು!"

"ಗುರುಬಸವ್ವಾ, ನಾ ತೂಕ ಬರೀತೇನಿ, ಎಣಿಕೀನೂ ಬರೀತೇನಿ," ಎಂದಳು ಅನುಜಾ. "ಯಾರೂ ಕದ್ದಾಳ ಅನ್ನಂಗಿಲ್ಲ. ಹಿಂಗ ನೋಡು." ಅವಳು ಗುರುಬಸವ್ವನ ಒಂಬತ್ತು ರೊಟ್ಟಿ ಜೋಡಿಸಿ ಕೈಗೆ ಕೊಟ್ಟು ಅಲುಗಾಡಿಸಲು ಹೇಳಿದಳು. ಗುರುಬಸವ್ವ ಅಲುಗಾಡಿಸಿದಳು. ಸದ್ದೇ ಇಲ್ಲ. ಇನ್ನೊಮ್ಮೆ ಜೋರಾಗಿ ಅಲುಗಾಡಿಸಿದಳು. ಮುಖ ಅರಳಿತು. "ಅಯ್ಯ ಇದರ! ಒಂದಽ ಮಣ್ಣಿನ ಹೆಂಟಿ ಆದಂಗ ಆಗೈತಲ್ಲ!"

ಇನ್ನು ಉಳಿದದ್ದು ಬುಟ್ಟಿಯನ್ನು ಪಾಕೀಟಿನೊಳಗೆ ತರುವುದು. ಬುಟ್ಟಿಯಲ್ಲಿ ಎರಡು ವಸ್ತು ಇದ್ದವು: ಕೆಳಗೆ ಸಿಂಬಿ, ಮೇಲೆ ಬಿಗಿದ ಬಟ್ಟೆ. ತಳದ ರೊಟ್ಟಿಯ ಉಬ್ಬಿದ ಹೊಟ್ಟೆಗೆ ಸಿಂಬಿ ಆಸರೆ. ಯಾರ ರೊಟ್ಟಿ ಎಷ್ಟು ಅಗಲವಿದ್ದರೂ ಬಟ್ಟೆ ಅದರ ಮೈಗೆ ಒಗ್ಗುತ್ತದೆ, ಪೆಟ್ಟಿಗೆ ಒಗ್ಗುವುದಿಲ್ಲ. ಬಟ್ಟೆಗೆ ತೆಳು ಹತ್ತಿಯ ತುಂಡುಗಳು ಸಾಕು. ಸಿಂಬಿ?

ಶನಿವಾರ ಬೆಳಿಗ್ಗೆ ಅವಳು ಗೋಳಗುಮ್ಮಟದ ಹತ್ತಿರ ಫೈಜಲನ ಅಂಗಡಿಯಲ್ಲಿದ್ದಳು. ಮಿಠಾಯಿ ಡಬ್ಬಿ, ಒಣದ್ರಾಕ್ಷಿ ಪೆಟ್ಟಿಗೆ ಎಲ್ಲ ಮಾಡಿಕೊಡುವವನು ಅವನು. ಹೊರಗೆ ಪ್ರವಾಸಿಗರ ಬಸ್ಸುಗಳ ಗದ್ದಲ. ಒಳಗೆ ರಟ್ಟಿನ ಧೂಳು.

"ಸಿಂಬಿ?" ಫೈಜಲ ಕತ್ತರಿ ಕೆಳಗಿಟ್ಟ. "ಅಕ್ಕಾರ, ನಮ್ಮಜ್ಜನ ಕಾಲದಿಂದ ಡಬ್ಬಿ ಮಾಡ್ತೇವಿ. ರಟ್ಟಿನ ಸಿಂಬಿ ಕೇಳಿದಾಕಿ ನೀವಽ ಮದಲ. ಏನು, ರೊಟ್ಟಿ ತಲಿ ಮ್ಯಾಲ ಕೊಡ ಹೊರಸ್ತೀರೇನು?"

"ಕೊಡ ಅಲ್ಲ, ನನ್ನ ನೌಕರಿ ಹೊರಸ್ತೇನಿ. ಮಾಡಾಕ ಆಕ್ಕೈತೋ ಇಲ್ಲೋ?"

ಫೈಜಲ ಒಂದು ಬದಿ ನಯವಾಗಿ ಇನ್ನೊಂದು ಬದಿ ಗೆರೆಗೆರೆಯಾಗಿರುವ ಮೆತ್ತನೆ ರಟ್ಟಿನ ಸುರುಳಿ ಎಳೆದ. ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಮೂರು ಸುತ್ತು ಸುತ್ತಿ, ತುದಿಗೆ ಅಂಟು ಹಚ್ಚಿದ. ಬಳೆಯಂಥ ಉಂಗುರ. ಅನುಜಾ ಅಳೆದು ಇನ್ನಷ್ಟು ದೊಡ್ಡದು ಬೇಕೆಂದಳು. ನಾಲ್ಕನೆಯದು ಸರಿಹೋಯಿತು: ಅಡ್ಡಳತೆ 16 ಸೆಂಟಿಮೀಟರು. ಅವಳು ಚೀಲದಿಂದ ಅತ್ತೆಯ ಹತ್ತು ರೊಟ್ಟಿ ತೆಗೆದು, ಉಂಗುರದ ಮೇಲೆ ಕೂರಿಸಿ, ಬಟ್ಟೆಯಲ್ಲಿ ಸುತ್ತಿ, ಅತ್ತೆ ಹಾಕುವ ಹಾಗೆಯೇ ಗಂಟು ಬಿಗಿದು ಗಲ್ಲಾ ಮೇಜಿನ ಮೇಲಿಟ್ಟಳು.

ಫೈಜಲ ಅದನ್ನು ಒಂದು ಕ್ಷಣ ನೋಡಿದ. ಮರುಕ್ಷಣ ಮೊಣಕೈಯಿಂದ ನೂಕಿಯೇಬಿಟ್ಟ.

"ಏ!" ಅನುಜಾ ಕಿರುಚಿದಳು. ಗಂಟು ನೆಲಕ್ಕೆ ಬಿತ್ತು.

"ಪಾರ್ಸಲ್ ಹುಡುಗೂರು ಇದಕ್ಕಿಂತ ಮೆತ್ತಗ ಒಗೀತಾರೇನ್ರಿ?" ಎಂದ ಫೈಜಲ ನಿರಾಳವಾಗಿ. "ಬಿಚ್ಚ್ರಿ, ನೋಡೂಣು."

ಅವಳು ಬಿಚ್ಚಿದಳು. ಹತ್ತೂ ಇಡಿಯಾಗಿದ್ದವು. ಇಬ್ಬರೂ ಒಮ್ಮೆಲೇ ನಕ್ಕರು. ಫೈಜಲ ಒಂದನ್ನು ಎತ್ತಿ, "ಇದು ಕೂಲಿ," ಎಂದು ಕಟಕ್ಕನೆ ಕಡಿದ.

ಭಾನುವಾರ ಮನೆಯಲ್ಲಿ ಪರೀಕ್ಷೆಯೋ ಪರೀಕ್ಷೆ. ಮೇಜಿನೆತ್ತರದಿಂದ, 76 ಸೆಂಟಿಮೀಟರಿನಿಂದ, ತಳ ಕೆಳಗಾಗಿ, ಬದಿ ಕೆಳಗಾಗಿ, ಮೂಲೆ ಕೆಳಗಾಗಿ ಪಾಕೀಟು ಬೀಳಿಸಿ ನೋಡಿದಳು. ಮಧ್ಯಾಹ್ನ ನಾಲ್ಕು ಪಾಕೀಟು ತುಂಬಿದ ಪೆಟ್ಟಿಗೆ ಹಿಡಿದು ಟಿಕೋಟಾ–ವಿಜಯಪುರ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕುಳಿತಳು. ಮೂರು ಸಲ ಹೋಗಿ, ಮೂರು ಸಲ ಬಂದಳು.

"ಅಕ್ಕಾರ, ಮುಂದ ಸೀಟ ಖಾಲಿ ಅದಾವ," ಎಂದ ಕಂಡಕ್ಟರ್ ಭಾಗಪ್ಪ ಎರಡನೇ ಸಲ. "ಹಿಂದ ಕುಂತ್ರ ಟೊಂಕ ಮುರೀತೈತಿ."

"ಅದಕ್ಕಽ ಕುಂತೇನ್ರಿ."

ಮೂರನೇ ಸಲ ಭಾಗಪ್ಪ ಏನೂ ಕೇಳಲಿಲ್ಲ. ಕೊನೆಗೆ ಇಳಿಯುವಾಗ ಮಾತ್ರ, "ಮುರೀತೇನ್ರಿ?" ಎಂದ. ಅನುಜಾ ನಿಲ್ದಾಣದ ಕಟ್ಟೆಯ ಮೇಲೆಯೇ ಪೆಟ್ಟಿಗೆ ಬಿಚ್ಚಿದಳು. ನಲವತ್ತರಲ್ಲಿ ಒಂದು ಮುರಿದಿತ್ತು. ಶೇಕಡಾ 2.5. ಭಾಗಪ್ಪನ ಪಾಲಿಗೆ ಮುರಿದದ್ದೇ ಸಿಕ್ಕಿತು.

ಸೋಮವಾರ ನಾಲ್ಕು ಒಲೆ ಒಟ್ಟಿಗೆ ಉರಿದವು. ನಾಲ್ಕು ಒಲೆಯ ಪಕ್ಕ ನಾಲ್ಕು ಸಿಂಬಿ, ನಾಲ್ಕು ಬಟ್ಟೆ. ರೊಟ್ಟಿ ಒಲೆಯಿಂದ ಇಳಿದು ಆರಿದಂತೆ ನೇರವಾಗಿ ತನ್ನ ಜಾಗಕ್ಕೆ ಹೋಯಿತು. ನಡುವೆ ಯಾವ ರಾಶಿಯೂ ಇಲ್ಲ, ವಿಂಗಡಣೆಯೂ ಇಲ್ಲ. ಅನುಜಾ ಮೊದಲ ಬಾರಿಗೆ ರೊಟ್ಟಿಯನ್ನು ಮುಟ್ಟದೆ ಪಾಕೀಟನ್ನಷ್ಟೇ ತೂಗಿದಳು. ಒಬ್ಬೊಬ್ಬರದು ಆರು ಪಾಕೀಟು, ಒಟ್ಟು ಇಪ್ಪತ್ನಾಲ್ಕು. ಸಖೂಬಾಯಿ ಅರವತ್ತು ರೊಟ್ಟಿ, ವಿಜಯಲಕ್ಷ್ಮೀ ಅರವತ್ತು, ಮಾಸುಮಬಿ ಅರವತ್ತಾರು, ಗುರುಬಸವ್ವ ಐವತ್ತನಾಲ್ಕು. ಕೂಡಿಸಿದಾಗ ಮತ್ತೆ ಇನ್ನೂರ ನಲವತ್ತೇ ಬಂದದ್ದು ಅನುಜಾಳಿಗೆ ಶುಭಶಕುನವಾಗಿ ಕಂಡಿತು. ತಾನು ಶಕುನ ನಂಬುವವಳಲ್ಲ ಎಂಬುದು ಆಮೇಲೆ ನೆನಪಾಯಿತು. ಮಂಗಳವಾರ ಪೆಟ್ಟಿಗೆ ವಿಜಯಪುರದಿಂದ ಹೊರಟಿತು.

ಗುರುವಾರ, ಇಪ್ಪತ್ತೆಂಟನೇ ತಾರೀಖು, 11 ಗಂಟೆ 20 ನಿಮಿಷಕ್ಕೆ ಫೋನು ಬಂತು. ಐವರೂ ಪಡಸಾಲೆಯಲ್ಲಿ ಮುತ್ತಿಕೊಂಡರು. ಪರದೆಯ ಮೇಲೆ ಸುಭಾಷರ ಮುಖ ಗಂಭೀರವಾಗಿತ್ತು.

"ಮೇಡಂ, ಮದಲ ಇದನ್ನ ನೋಡ್ರಿ."

ಅವರು ಪೆಟ್ಟಿಗೆಯನ್ನು ತಿರುಗಿಸಿದರು. ಒಂದು ಮೂಲೆ ಪೂರ್ತಿ ಒಳಗೆ ಜಜ್ಜಿಹೋಗಿತ್ತು. ದಾರಿಯಲ್ಲಿ ಯಾವುದೋ ಭಾರದ ಮಾಲು ಅದರ ಮೇಲೆ ಬಿದ್ದಿರಬೇಕು. ವಿಜಯಲಕ್ಷ್ಮೀ "ಯಪ್ಪಾ ದೇವರ" ಎಂದು ಬಾಯಿಗೆ ಕೈ ಹಚ್ಚಿಕೊಂಡಳು. ಅನುಜಾಳ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಜಾರಿ ಬಿತ್ತು.

"ಅಲುಗಾಡಸ್ರಿ," ಎಂದಳು ಅವಳು.

ಸುಭಾಷ ಅಲುಗಾಡಿಸಿದರು. ಹುಬ್ಬು ಗಂಟಿಕ್ಕಿ ಮತ್ತೆ ಅಲುಗಾಡಿಸಿದರು. ಪೆಟ್ಟಿಗೆಗೆ ಕಿವಿ ಹಚ್ಚಿದರು. "ಒಳಗ ರೊಟ್ಟಿ ಇಟ್ಟೀರೋ ಇಲ್ಲೋ?"

ಮಾಸುಮಬಿಗೆ ನಗು ತಡೆಯಲಾಗಲಿಲ್ಲ. "ತಗದ ನೋಡ್ರಿ ಸಾಹೇಬರ!"

ಅವರು ಬಿಚ್ಚಿದರು. ಮೊದಲ ಪಾಕೀಟು ಎತ್ತಿ ಚೀಟಿ ಓದಿದರು. "ಗುರುಬಸವ್ವ, ಟಿಕೋಟಾ. ಒಂಬತ್ತು ರೊಟ್ಟಿ, 405 ಗ್ರಾಂ. ಇದೇನ್ರಿ, ಹೆಸರು?"

"ಮಾಡಿದ ಕೈ," ಎಂದಳು ಅನುಜಾ. "ಒಂದ ಪಾಕೀಟದಾಗ ಒಬ್ಬರದಽ."

ಸುಭಾಷ ಬಟ್ಟೆಯ ಗಂಟು ಬಿಚ್ಚುತ್ತ ನಿಂತುಬಿಟ್ಟರು. "ಈ ಗಂಟು... ನಮ್ಮವ್ವ ಬುತ್ತಿಗೆ ಹಿಂಗಽ ಕಟ್ಟತಿದ್ಲು. ಬಟ್ಟಿ ಕಂಡ್ರಽ ಮಂದಿ ಕೈಯಾಗ ಎತ್ತಿಕೋತಾರ ನೋಡ್ರಿ." ಆಮೇಲೆ, "ಇರಲಿ, ಎಣಿಕಿ ಎಣಿಕೀನಽ," ಎಂದು ಕೂತರು.

ಗುರುಬಸವ್ವನ ಆರೂ ಪಾಕೀಟು ಬಿಚ್ಚಿದರು. ಐವತ್ತನಾಲ್ಕೂ ಇಡಿ. ಗುರುಬಸವ್ವ ಉಸಿರು ಬಿಡಲಿಲ್ಲ. ಮಾಸುಮಬಿಯ ತೆಳ್ಳನೆಯ ಅರವತ್ತಾರು. ಅನುಜಾ ಹೆದರಿದ್ದೆಲ್ಲ ಅವಕ್ಕೇ. ಅವೂ ಇಡಿ! ಮಾಸುಮಬಿ ಪಕ್ಕದವಳ ತೊಡೆಯ ಮೇಲೆ ಹೊಡೆದಳು. ವಿಜಯಲಕ್ಷ್ಮೀಯದರಲ್ಲಿ ಒಂದು ಒಡೆದಿತ್ತು. ಇನ್ನು ಆರೇ ಪಾಕೀಟು, ಸಖೂಬಾಯಿಯವು. ಜಜ್ಜಿದ ಮೂಲೆಯಲ್ಲಿ ಇದ್ದದ್ದು ಅವರವೇ. ಐದು ಬಿಚ್ಚಿದರು, ಎಲ್ಲ ಇಡಿ. ಆರನೆಯದರ ಬಟ್ಟೆ ಒಂದು ಬದಿ ಒಳಕ್ಕೆ ಒತ್ತಿತ್ತು. ಸುಭಾಷ ಒಂದೊಂದೇ ಎತ್ತಿ ಮೇಜಿನ ಮೇಲೆ ಇಡುತ್ತಾ ಹೋದರು. ಎಂಟು ಇಡಿ ಇದ್ದವು. ಎರಡು ಒಡೆದಿದ್ದವು.

"ಮುಗೀತ್ರಿ," ಎಂದರು ಸುಭಾಷ. ಅವರ ಮುಖದ ಗಾಂಭೀರ್ಯ ಎಲ್ಲೋ ಹೋಗಿತ್ತು. "ಮೂರಽ ಮೂರು! ಮೂಲಿ ಜಜ್ಜಿದ ಪೆಟ್ಟಿಗ್ಯಾಗ ಮೂರು! ನಾಳೆ ಯಾದ್ಯಾಗ ನಿಮ್ಮ ಹೆಸರ ಬರಸ್ತೇನಿ. ಹದಿನಾಕೂ ಅಂಗಡಿಗೆ."

ಪಡಸಾಲೆಯಲ್ಲಿ ಎದ್ದ ಗದ್ದಲಕ್ಕೆ ಫೋನಿನಲ್ಲಿ ಅವರು ಮುಂದೆ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

"ನಂದಾ? ಒಡದದ್ದು ನಂದಾ?" ಸಖೂಬಾಯಿಗೆ ನಂಬಲಾಗಲಿಲ್ಲ.

"ನಿಮ್ಮವಽ ರೀ ಸಖೂಬಾಯಿ," ಎಂದಳು ಗುರುಬಸವ್ವ, ಹಿಡಿದಿಟ್ಟ ಉಸಿರನ್ನೆಲ್ಲ ಈಗ ಬಿಟ್ಟು. "ನನ್ನ ಹಾಸಗಲ್ಲು ಒಂದೂ ಒಡದಿಲ್ಲ. ಕೇಳಿಸ್ತೇನಬೇ, ಮಾಸುಮಬಿ?"

"ಕೇಳಿಸ್ತವ್ವಾ, ಕೇಳಿಸ್ತು. ಇನ್ನ ನೀನು ನೆಲದ ಮ್ಯಾಲ ನಡಿಯಂಗಿಲ್ಲ ಬಿಡು."

ಅನುಜಾ ಎದ್ದು ಹೊಸ್ತಿಲಿಗೆ ಹೋಗಿ ಲ್ಯಾಬಿನ ಮುಖ್ಯಸ್ಥರಿಗೆ ಫೋನು ಮಾಡಿದಳು. "ಸರ್, ನನ್ನ ಜಾಗಾ ಬ್ಯಾರೆಯವರಿಗೆ ಕೊಟ್ಟಬಿಡ್ರಿ," ಎಂದಳು. ಅವರು, ಹಾಗಾದರೆ ನಮ್ಮ ಮಧ್ಯಾಹ್ನದ ರೊಟ್ಟಿ ಎಲ್ಲಿಂದ ತರಿಸಬೇಕು ಎಂದು ಕೇಳಿದರು.

ಒಳಗೆ ಬಂದು ಅವಳು ನೋಟ್‌ಬುಕ್ಕು ತೆರೆದಳು. 40ರ ಕೆಳಗೆ, 29.6ರ ಕೆಳಗೆ, ಮೂರನೇ ಸಾಲು ಬರೆದಳು: ಒಟ್ಟು ರೊಟ್ಟಿ 240, ಒಡೆದದ್ದು 3, ಶೇಕಡಾ 1.25.